ಚೀಟಿ ಕಿತ್ತ ವಾರಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಅಂತ ನಿನ್ನೆಯಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. 'ಕಾಸೆಲ್ ನಗರದ ದೊಡ್ಡ ವಿಮಾ ಕಂಪನಿಯ ಗಾಜಿನ ಬಾಗಿಲು ಮೆರ್ಲೆಗಾಗಿ ತಾನಾಗಿಯೇ ತೆರೆದುಕೊಂಡಿತು' ಎಂದು ಬರೆದೆ. ಥೂ! ಕಂಪನಿಯವರೇ ಬರೆಸಿದ ಜಾಹೀರಾತಿನ ಹಾಗಿದೆ. ಹೊಡೆದು ಹಾಕಿದೆ.

(ಬಾಗಿಲು ತಾನಾಗಿ ತೆರೆಯುವುದು ನಿಜ. ಆದರೆ ಕೆಲಸ ಕಲಿಯಲು ಬಂದವರು ಹಿಂದುಗಡೆ ಸೈಕಲ್ ನಿಲ್ಲಿಸುವ ಜಾಗದಿಂದ ಒಳಗೆ ಹೋಗಬೇಕು. ಕಂಪನಿಯ ಹೆಸರು ಕೇಳಬೇಡಿ, ಅವರಲ್ಲಿ ವಕೀಲರು ಒಂದು ಮಹಡಿಯ ತುಂಬ ಇದ್ದಾರೆ.)

೧, ಮತ್ತೊಮ್ಮೆ

ನೇರವಾಗಿಯೇ ಹೇಳಿಬಿಡುತ್ತೇನೆ. ಮೆರ್ಲೆ ಕಾಶ್, ಇಪ್ಪತ್ತಮೂರು ವರ್ಷ. ಬೇಕರಿಯ ಕೆಲಸ ಬಿಟ್ಟು, ಪ್ರೋಗ್ರಾಮ್ ಬರೆಯುವುದನ್ನು ಕಲಿಯಬೇಕೆಂದು ಈ ಕಂಪನಿಗೆ ಅಪ್ರೆಂಟಿಸ್ ಆಗಿ ಸೇರಿದಳು. ಮೂರು ವರ್ಷದ ಕರಾರು. ವಾರದಲ್ಲಿ ಎರಡು ದಿನ ಶಾಲೆ, ಮೂರು ದಿನ ಕಂಪನಿ. ನಮ್ಮ ಜರ್ಮನಿಯಲ್ಲಿ ಕೆಲಸ ಕಲಿಯುವವರು ವರದಿ ಪುಸ್ತಕ ಇಡಬೇಕು. ಈ ವಾರ ಏನು ಮಾಡಿದೆ, ಏನು ಕಲಿತೆ ಎಂದು ವಾರಕ್ಕೊಂದು ಪುಟ. ಕೆಳಗೆ ಎರಡು ಸಹಿ: ಕಲಿತವರದು ಒಂದು, ಕಲಿಸಿದವರದು ಒಂದು. ಒಂದೇ ಒಂದು ಸಹಿ ಕಡಿಮೆಯಾದರೂ ವಾಣಿಜ್ಯ ಮಂಡಳಿ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಇಲ್ಲ ಎಂದರೆ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೆರ್ಲೆಯ ಪರೀಕ್ಷೆಯ ಅರ್ಜಿಗೆ ಈ ಶುಕ್ರವಾರ ಕೊನೆಯ ದಿನ. ಅಷ್ಟೇ ಕಥೆ. ಇನ್ನು ಮುಂದಿನದು ನನ್ನ ಒದ್ದಾಟ.

೨

ಕಲಿಸುವವನ ಹೆಸರು ಡೆಟ್ಮರ್. ಕಂಪ್ಯೂಟರ್ ವಿಭಾಗದಲ್ಲೇ ಇದ್ದರೂ ಅವನಿಗೆ ವರದಿ ಮಾತ್ರ ಕಾಗದದ ಮೇಲೆ ಬೇಕು. ಪುಟಗಳನ್ನು ಎರಡೂವರೆ ವರ್ಷ ಪೇರಿಸಿಟ್ಟು, ಒಂದೇ ಮಧ್ಯಾಹ್ನ ಕೂತು ಎಲ್ಲಕ್ಕೂ ಸಹಿ ಜಡಿಯುತ್ತಾನೆ. ಓದುವುದಿಲ್ಲ. ಇಲ್ಲಿಯವರೆಗೆ ಒಂದು ಪುಟವನ್ನೂ ಓದಿದವನಲ್ಲ.

ಮೊನ್ನೆ ಸೋಮವಾರ ಅವನ ಹುಟ್ಟುಹಬ್ಬ. ಹುಟ್ಟುಹಬ್ಬ ಇದ್ದವರೇ ಕೇಕ್ ತಂದು ಹಂಚುವುದು ನಮ್ಮ ಪದ್ಧತಿ. ಚೆರ್ರಿ ಕೇಕ್ ತಿನ್ನುತ್ತಾ ಸಹಿ ಹಾಕುತ್ತಿದ್ದವನ ಚಮಚೆಯಿಂದ ಮೆರ್ಲೆಯ ನಲವತ್ತೊಂದನೇ ವಾರದ ಮೇಲೆ ರಸ ಬಿತ್ತು. ಒರೆಸಲು ಹೋದ. ಹಾಗಾಗಿ ಓದಿದ.

'ಸೋಮವಾರ: ನೆಲಮಾಳಿಗೆಯಲ್ಲಿ ಹಳೆಯ ಮಾನಿಟರುಗಳ ಬೆನ್ನಿನ ನಂಬರ್ ಚೀಟಿ ಕಿತ್ತೆ. ಮಂಗಳವಾರ: ಚೀಟಿ ಕಿತ್ತೆ. ಮನೆಯಿಂದ ಕೂದಲು ಒಣಗಿಸುವ ಮಿಷನ್ ತಂದಿದ್ದೆ, ಬಿಸಿ ಮಾಡಿದರೆ ಚೀಟಿ ಬೇಗ ಬರುತ್ತದೆ. ಬುಧವಾರ: ಚೀಟಿ ಕಿತ್ತೆ. ಕಲಿತದ್ದು: ಚೀಟಿ ಕೀಳುವುದು.'

"ಇದೇನಮ್ಮಾ ಇದು?"

"ವರದಿ, ಡೆಟ್ಮರ್ ಸಾರ್."

"ಇದನ್ನೆಲ್ಲಾ ಯಾರಾದ್ರೂ ಬರೀತಾರಾ?"

"ಮಾಡಿದ್ದನ್ನ ತಾನೇ ಬರೀಬೇಕು? ಹದಿನಾಲ್ಕು ವಾರ ಇದನ್ನೇ ಮಾಡಿದೀನಿ. ನೀವೇ ಕಳಿಸಿದ್ದು."

"ಮಾಡಿದ್ದನ್ನ ಬರೆಯೋಕೆ ಇದೇನು ನಿನ್ನ ಡೈರಿನಾ? ಕಲೀಬೇಕಾಗಿದ್ದನ್ನ ಬರಿ. ಮಂಡಳಿಯವರು ಇದನ್ನ ನೋಡಿದ್ರೆ ನನ್ನ ತಲೆ ಉಳಿಯುತ್ತಾ?" ಅವನು ಡ್ರಾಯರ್ ಎಳೆದು ಹಳೆಯ ಜೆರಾಕ್ಸ್ ಕಟ್ಟೊಂದನ್ನು ಮೇಜಿನ ಮೇಲೆ ಹಾಕಿದ. "ತಗೋ, ಮಾದರಿ. ಎಲ್ರೂ ಇದನ್ನ ನೋಡ್ಕೊಂಡೇ ಬರೆಯೋದು. ಯಾರೋ ಜಾಣೆ ಬರೆದಿಟ್ಟು ಹೋಗಿದ್ದಾಳೆ. ಆ ಹದಿನಾಲ್ಕು ಪುಟ ತಿದ್ದಿ ತಾ, ಸಹಿ ಹಾಕ್ತೀನಿ."

ಕಟ್ಟಿನ ಮೇಲಿದ್ದ ಹೆಸರಿಗೆ ಬಿಳಿ ಬಣ್ಣ ಬಳಿದಿತ್ತು. ನಲವತ್ತೊಂದನೇ ವಾರ ಹೀಗಿತ್ತು: 'ಗ್ರಾಹಕರ ಡೇಟಾಬೇಸ್ ವಿನ್ಯಾಸ ಮಾಡಿದೆ. ಪರೀಕ್ಷೆಗಾಗಿ ಶ್ರೀಮತಿ ಮೋಪ್ಸಿ ಎಂಬ ಗ್ರಾಹಕರನ್ನು ಸೇರಿಸಿದೆ.'

"ಡೇಟಾಬೇಸ್ ನೀವು ಕಲಿಸ್ಲೇ ಇಲ್ವಲ್ಲ," ಅಂದಳು ಮೆರ್ಲೆ.

"ಬರೆದ್ರೆ ಕಲಿಸಿದ ಹಾಗೇ. ಕೇಕ್ ತಗೋ."

(ಈ ಡೆಟ್ಮರ್‌ನನ್ನು ರಾಕ್ಷಸನನ್ನಾಗಿ ಮಾಡಲು ಎರಡು ಸಲ ಕೂತೆ, ಆಗಲಿಲ್ಲ. ಕೇಕಿನ ದೊಡ್ಡ ತುಂಡನ್ನೇ ಅವಳಿಗೆ ಕೊಟ್ಟ. ಅವನ ತಲೆಯ ಮೇಲೂ ನಾಲ್ಕು ಜನರ ಕೆಲಸವಿದೆ, ಕಲಿಸಲು ಕಂಪನಿ ಅವನಿಗೆ ಒಂದು ಗಂಟೆಯನ್ನೂ ಕೊಟ್ಟಿಲ್ಲ. ಆದರೂ ನನಗೆ ಮೈ ಉರಿಯುತ್ತದೆ.)

೩ — ಮೊದಲನೇ ಮುಕ್ತಾಯ

ಮೆರ್ಲೆ ತಿದ್ದುತ್ತಾಳೆ. ಹದಿನಾಲ್ಕು ವಾರದ ಚೀಟಿ ಹೋಗಿ ಹದಿನಾಲ್ಕು ವಾರದ ಡೇಟಾಬೇಸ್ ಬರುತ್ತದೆ. ಸಹಿ ಬೀಳುತ್ತದೆ. ಪರೀಕ್ಷೆಗೆ ಕೂರುತ್ತಾಳೆ. ಪ್ರಶ್ನೆಪತ್ರಿಕೆಯ ಅರ್ಧ ಭಾಗ ಡೇಟಾಬೇಸೇ. ಫೇಲಾಗುತ್ತಾಳೆ. ನನಗೆ ಕಲಿಸಲಿಲ್ಲ ಎಂದು ದೂರು ಒಯ್ಯುತ್ತಾಳೆ. ಸಿಬ್ಬಂದಿ ವಿಭಾಗದ ಹೆಂಗಸು ನಗುನಗುತ್ತಾ ಪುಸ್ತಕ ತೆರೆಯುತ್ತಾಳೆ.

"ಕಲಿತೆ ಅಂತ ನೀವೇ ಬರೆದಿದ್ದೀರಲ್ಲ, ಹದಿನಾಲ್ಕು ಸಲ. ಇದು ನಿಮ್ಮದೇ ಸಹಿ ತಾನೇ?"

ನೋಡಿದಿರಾ ನ್ಯಾಯ? ನಿಜ ಬರೆದರೆ ಪರೀಕ್ಷೆ ಇಲ್ಲ, ಸುಳ್ಳು ಬರೆದರೆ ಬಾಯಿ ಇಲ್ಲ. ಅತ್ತ ದರಿ, ಇತ್ತ ಪುಲಿ. ಅವಳ ಕೊರಳಿನ ಹಗ್ಗವನ್ನು ಅವಳ ಕೈಯಲ್ಲೇ ಹೊಸೆಸಿ, ಕೆಳಗೆ ಅವಳಿಂದಲೇ ಸಹಿ ಮಾಡಿಸಿಕೊಳ್ಳುತ್ತಾರೆ. ಈ ಮುಕ್ತಾಯ ಬೇಡ, ಹರಿದೆ.

೪ — ಎರಡನೇ ಮುಕ್ತಾಯ

ಮೆರ್ಲೆ ಮಾದರಿ ಕಟ್ಟನ್ನು ಡೆಟ್ಮರ್‌ನ ಮೇಜಿಗೆ ಎಸೆದು ಸೀದಾ ಮಂಡಳಿಗೆ ಹೋಗುತ್ತಾಳೆ. ಅಧಿಕಾರಿಗಳು ದೌಡಾಯಿಸುತ್ತಾರೆ. ನೆಲಮಾಳಿಗೆಯ ದೀಪಗಳು ಹೊತ್ತಿಕೊಳ್ಳುತ್ತವೆ. ಕ್ಯಾಂಟೀನಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ

"ರೀ ಬರೆಯೋರೇ, ನಿಲ್ಸಿ ಸ್ವಲ್ಪ," ಅಂದಳು ಮೆರ್ಲೆ. "ಯಾವ ಕ್ಯಾಂಟೀನ್ರೀ ಅದು? ಬುಧವಾರ ಸಾಸೇಜ್ ಸಾಲಲ್ಲಿ ಒಬ್ರ ಮುಖ ಇನ್ನೊಬ್ರು ನೋಡಲ್ಲ, ನನಗೆ ಚಪ್ಪಾಳೆ ತಟ್ತಾರಂತೆ!"

"ಕಥೆಗೆ ಒಂದು ಎತ್ತರ ಬೇಕಲ್ವಾ..."

"ಎತ್ತರ ನಿಮಗೆ ಬೇಕು. ಬೀಳೋದು ನಾನು. ಮಂಡಳಿಯವರು ವಿಚಾರಣೆ ಅಂತ ಆರು ತಿಂಗಳು ಎಳೀತಾರೆ, ಶುಕ್ರವಾರ ಅಷ್ಟು ದಿನ ಕಾಯುತ್ತಾ?"

"ಯಾರಾದ್ರೂ ಬೆಕ್ಕಿಗೆ ಗಂಟೆ ಕಟ್ಟಲೇಬೇಕಲ್ಲ ಮೆರ್ಲೆ."

"ನೀವು ಕಟ್ಟಿದ್ರಾ?"

(ಈ ಪ್ರಶ್ನೆಯನ್ನು ಅವಳ ಬಾಯಿಗೆ ನಾನು ಹಾಕಲಿಲ್ಲ. ಅಳಿಸಿ ನೋಡಿದೆ. ಮತ್ತೆ ಕೇಳಿದಳು.)

"ನನ್ನ ಹೆಗಲ ಮೇಲೆ ಬಂದೂಕಿಟ್ಟು ಹೊಡೀತಾ ಇದೀರಲ್ಲ, ನಿಮ್ಮ ಪುಸ್ತಕದಲ್ಲಿ ಏನು ಬರೆದ್ರಿ? ಈ ಮೋಪ್ಸಿ ಯಾರು?"

೫

ಮೋಪ್ಸಿ ನನ್ನ ಅಜ್ಜಿಯ ನಾಯಿ.

ಆಯಿತು, ಹೇಳಿಯೇ ಬಿಡುತ್ತೇನೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅದೇ ಕಟ್ಟಡದ ಅದೇ ನೆಲಮಾಳಿಗೆಯಲ್ಲಿ ನಾನೂ ಅಪ್ರೆಂಟಿಸ್ ಆಗಿದ್ದೆ. ಆಗಿನ ಮಾನಿಟರುಗಳು ಒಂದೊಂದೂ ಕುಂಬಳಕಾಯಿಯಷ್ಟು ದಪ್ಪ. ಚೀಟಿಯನ್ನು ಉಗುರಿನಲ್ಲೇ ಕಿತ್ತೆ. ಪುಸ್ತಕದಲ್ಲಿ ಮಾತ್ರ ಡೇಟಾಬೇಸ್ ಕಟ್ಟಿದೆ, ಪ್ರೋಗ್ರಾಮ್ ಬರೆದೆ, ಇಲ್ಲದ ಗ್ರಾಹಕರನ್ನು ಹುಟ್ಟಿಸಿದೆ. ಚೆನ್ನಾಗಿಯೇ ಬರೆದೆ, ಹೌದು, ಹೆಮ್ಮೆಯೂ ಇತ್ತು! ನನ್ನ ಮೊದಲ ಕಥಾಸಂಕಲನ ಅದು. ನೂರಮೂವತ್ತು ಪುಟ, ಒಬ್ಬನೇ ಓದುಗ, ಅವನೂ ಓದದೆ ಸಹಿ ಹಾಕಿದ. ನಿಜವಾದ ವಿದ್ಯೆಯನ್ನು ಭಾನುವಾರಗಳಂದು ಗೆಳತಿಯ ಅಣ್ಣನ ಹತ್ತಿರ ಹೇಳಿಸಿಕೊಂಡು ಹೇಗೋ ಪಾಸಾದೆ. ಪಾಸಾದ ಮೇಲೆ ಬಾಯಿ ಯಾಕೆ ಬಿಡಲಿ? ಬಿಡಲಿಲ್ಲ.

ಮೆರ್ಲೆ ನನ್ನ ಪಕ್ಕದ ಮನೆಯವಳು. ಹೆಸರು ಬದಲಿಸಿದ್ದೇನೆ, ಅಷ್ಟೇ. ನಿನ್ನೆ ತನ್ನ ಹದಿನಾಲ್ಕು ಪುಟಗಳ ಜೊತೆ ಆ ಜೆರಾಕ್ಸ್ ಕಟ್ಟನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಹರಡಿ ಕೇಳಿದಳು: "ನೀವು ಬರೆಯೋರಲ್ವಾ, ಇದನ್ನ ನನ್ನ ಮಾತಲ್ಲಿ ಸ್ವಲ್ಪ ತಿದ್ದಿಕೊಡ್ತೀರಾ?"

ಓದಿದೆ. ಶ್ರೀಮತಿ ಮೋಪ್ಸಿ ಬಾಲ ಅಲ್ಲಾಡಿಸುತ್ತಾ ಎದುರಿಗೆ ಬಂದಳು. ಇಪ್ಪತ್ತನಾಲ್ಕು ವರ್ಷದಿಂದ ಆ ಕಂಪನಿಯಲ್ಲಿ ಕಲಿತವರೆಲ್ಲರ ನಲವತ್ತೊಂದನೇ ವಾರದಲ್ಲಿ ನನ್ನ ಅಜ್ಜಿಯ ನಾಯಿ ವಿಮೆ ಮಾಡಿಸಿದೆ! ಮಂಡಳಿಯ ಒಬ್ಬನೇ ಒಬ್ಬ ಮಹಾನುಭಾವನಿಗೂ, ಈ ಮೋಪ್ಸಿ ಪ್ರತಿ ಸಲ ಯಾಕೆ ಬರುತ್ತಾಳೆ ಎಂದು ಕೇಳಬೇಕು ಅನಿಸಿಲ್ಲ. ನಗಬೇಕೋ, ಉಗಿಯಬೇಕೋ?

ಉಗಿದರೆ ಮೊದಲು ನನ್ನ ಮುಖಕ್ಕೇ ಬೀಳುತ್ತದೆ. ಡೆಟ್ಮರ್ ಡ್ರಾಯರಿನಲ್ಲಿ ಇಟ್ಟಿದ್ದು ಅವನ ಸುಳ್ಳನ್ನಲ್ಲ, ನನ್ನದನ್ನು. ನಾನು ಒಂದು ಸಲ ಹೇಳಿ ಪಾರಾದದ್ದನ್ನು ಅವರು ಪಠ್ಯಪುಸ್ತಕ ಮಾಡಿಕೊಂಡರು.

೬

"ಹಾಗಾದ್ರೆ ಆ ಜಾಣೆ ನೀವೇನಾ?" ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಸಂಜೆ ಓದಿ ಮುಗಿಸಿ ಮೆರ್ಲೆ ಕೇಳಿದಳು. (ಇದು ಕಥೆಯೊಳಗಲ್ಲ, ನನ್ನ ಅಡುಗೆಮನೆಯಲ್ಲಿ.)

"ಹೂಂ."

"ಶುಕ್ರವಾರ ನನ್ನ ಜೊತೆ ಮಂಡಳಿಗೆ ಬಂದು, ಈ ಮೋಪ್ಸಿ ನಮ್ಮನೆ ನಾಯಿ ಅಂತ ಹೇಳ್ತೀರಾ? ನಾನೊಬ್ಳೇ ಹೇಳಿದ್ರೆ ದೂರು. ನೀವೂ ಬಂದು ಹೇಳಿದ್ರೆ ಸಾಕ್ಷಿ."

"ನನ್ನ ಸರ್ಟಿಫಿಕೇಟು ಕಿತ್ಕೊಂಡ್ರೆ..."

"ನೋಡಿ ಮತ್ತೆ! ಕ್ಯಾಂಟೀನಲ್ಲಿ ನನಗೆ ಚಪ್ಪಾಳೆ ಹೊಡೆಸೋಕೆ ಹೋಗಿದ್ರಿ."

ಹದಿನಾಲ್ಕು ಪುಟಗಳನ್ನೂ ಮೇಜಿನ ಮೇಲೆಯೇ ಬಿಟ್ಟು ಮನೆಗೆ ಹೋದಳು. ಒಂದನ್ನೂ ತಿದ್ದಿಲ್ಲ.

೭

ಓದುಗ ಮಹಾಶಯರೇ, ಮುಕ್ತಾಯ ಎಲ್ಲಿ ಎಂದು ಕೇಳುತ್ತಿದ್ದೀರಿ, ಗೊತ್ತು. ಇವತ್ತು ಬುಧವಾರ. ಶುಕ್ರವಾರದ್ದನ್ನು ಬುಧವಾರವೇ ಬರೆಯುವ ಚಾಳಿಯಿಂದಲೇ ಇಷ್ಟೆಲ್ಲ ಆಗಿದ್ದು. ನಡೆಯದೇ ಇದ್ದುದನ್ನು ನಡೆಯಿತು ಎಂದು ನೂರಮೂವತ್ತು ವಾರ ಬರೆದ ಕೈ ಇದು. ಇನ್ನೊಂದು ವಾರ ಬರೆಯುವುದಿಲ್ಲ.

ಅಂದು ನನಗೆ ನಡೆದದ್ದನ್ನು ಮಾತ್ರ ಬರೆದು, ನನ್ನದೇ ಹೆಸರಿನ ಸಹಿ ಹಾಕಿ ಮೆರ್ಲೆಯ ಪುಟಗಳ ಮೇಲೆ ಇಟ್ಟಿದ್ದೇನೆ:

ನಲವತ್ತೊಂದನೇ ವಾರ. ಸೋಮವಾರ: ನೆಲಮಾಳಿಗೆ, ಚೀಟಿ ಕಿತ್ತೆ. ಮಂಗಳವಾರ: ಚೀಟಿ ಕಿತ್ತೆ. ಬುಧವಾರ: ಚೀಟಿ ಕಿತ್ತೆ, ಹೆಬ್ಬೆರಳಿನ ಉಗುರು ಎದ್ದಿತು. ಡೇಟಾಬೇಸ್ ಇರಲಿಲ್ಲ. ಶ್ರೀಮತಿ ಮೋಪ್ಸಿ ಗ್ರಾಹಕಿಯಲ್ಲ, ನಾಯಿ.

ಕಲಿತವರ ಸಹಿ: ವೀಬ್ಕೆ ರೋಡೆ

ಕಲಿಸಿದವರ ಸಹಿ: