ಓಪಲ್ ಟ್ರಿಂಬಲ್ ಫೋನ್ ಕೆಳಗಿಟ್ಟ ಬೆಲೆ

ಸಾವಿರದ ಒಂಬೈನೂರ ಐವತ್ತನಾಲ್ಕರ ಚಳಿಗಾಲದಲ್ಲಿ ಅಮೆರಿಕದ ನೆಬ್ರಾಸ್ಕ ರಾಜ್ಯದ ಎಲ್ಡನ್ ಕ್ರೀಕ್ ಎಂಬ ಊರಿನಲ್ಲಿ ಆರು ವಾರಗಳ ಕಾಲ ಒಬ್ಬನೇ ಒಬ್ಬ ಮನುಷ್ಯನೂ ಟೆಲಿಫೋನ್ ಎತ್ತಿ ‘ಹಲೋ’ ಎನ್ನಲಿಲ್ಲ. ಎಂದವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ನೋಡೇಬಿಡೋಣ. ಗಂಟೆ ಬಡಿದುಕೊಂಡರೆ ಸಾಕು, ನ್ಯಾಯಾಧೀಶರಿಂದ ಹಿಡಿದು ಕೋಳಿ ಮಾರುವವನವರೆಗೆ ಎಲ್ಲರೂ ಒಂದೇ ಉಸಿರಿಗೆ, “ನೀಲಿ ಹುಂಜ ಕೂಗಿತು, ನಮ್ಮನೆ ಕಾಫಿ ಕುದಿಯಿತು!” ಎಂದು ಅರಚುತ್ತಿದ್ದರು. ಹೆಂಡತಿಗೆ ಹೆರಿಗೆ ನೋವೆಂದು ಫೋನ್ ಮಾಡಿದ ರೈತನಿಗೂ ಡಾಕ್ಟರು ಇದನ್ನೇ ಒದರಿದರು. “ಇಲ್ಲಿ ಕೂಸೇ ಕೂಗಿಬಿಡ್ತು ಡಾಕ್ಟ್ರೇ, ನೀವಿನ್ನು ಕಾಫಿ ಕುಡ್ಕೊಂಡೇ ಬನ್ನಿ” ಎಂದನಂತೆ ಅವನು. ಶವಸಂಸ್ಕಾರದ ಕೆಸ್ಲರ್ ಮಾತ್ರ ತನ್ನ ಕಸುಬಿನ ಮರ್ಯಾದೆ ಬಿಡದೆ ಅದನ್ನೇ ಅಳುದನಿಯಲ್ಲಿ ಹೇಳುತ್ತಿದ್ದ.

ಇಷ್ಟಕ್ಕೆಲ್ಲ ಕಾರಣ ರೇಡಿಯೋ. ಬೆಳಗ್ಗೆ ಹತ್ತು ಗಂಟೆಗೆ ಚೆಟ್ ಫೆರಿಸ್ ಎಂಬ ಜೇನುಗಂಟಲಿನವನು ‘ನೀಲಿ ಹುಂಜ ಕಾಫಿ’ ಕಂಪನಿಯ ಪರವಾಗಿ ಡಬ್ಬಿಯ ಚೀಟಿ ಕಳಿಸಿದ ಜಿಲ್ಲೆಯ ಯಾವುದಾದರೊಂದು ಮನೆಗೆ ಫೋನ್ ಮಾಡುತ್ತಿದ್ದ. ಎತ್ತಿದವರು ಹಲೋ ಎನ್ನದೆ, ರೇಡಿಯೋದವರು ಗಂಟೆ ಬಾರಿಸುವುದರೊಳಗೆ ಆ ಹುಂಜದ ಮಾತನ್ನು ಸ್ಪಷ್ಟವಾಗಿ ಹೇಳಿದರೆ ಬಹುಮಾನ. ಏನು ಬಹುಮಾನ? ಇಪ್ಪತ್ತೊಂದು ಇಂಚಿನ ಟೆಲಿವಿಷನ್! ತನ್ನ ಹೊಟ್ಟೆಯ ಮೇಲೆ ಹೊಡೆಯುವ ಯಂತ್ರವನ್ನು ತಾನೇ ಮನೆಮನೆಗೆ ಹಂಚುವಷ್ಟು ಬುದ್ಧಿವಂತಿಕೆ ರೇಡಿಯೋದವರಿಗಲ್ಲದೆ ಇನ್ನಾರಿಗೆ ಬಂದೀತು? ಪೇಟೆಯ ಹಾರ್ಡ್‌ವೇರ್ ಅಂಗಡಿಯ ಗಾಜಿನ ಹಿಂದೆ, ನೂರ ತೊಂಬತ್ತೊಂಬತ್ತು ಡಾಲರ್ ತೊಂಬತ್ತೈದು ಸೆಂಟಿನ ಚೀಟಿ ಕಟ್ಟಿಕೊಂಡು ಅದು ಮದುವಣಗಿತ್ತಿಯ ಹಾಗೆ ಕೂತಿತ್ತು. ಆ ಗಾಜಿಗೆ ಮೂಗು ಒತ್ತಿ ಒತ್ತಿ ಊರಿನ ಅರ್ಧ ಜನರ ಮೂಗು ಚಪ್ಪಟೆಯಾಯಿತು.

ಕಾಫಿಯೇನು ಪುಕ್ಕಟೆಯೇ? ಹಿಂದಿನ ವರ್ಷ ಪೌಂಡಿಗೆ ತೊಂಬತ್ತು ಸೆಂಟ್ ಇದ್ದದ್ದು ಈಗ ಒಂದು ಡಾಲರ್ ಹದಿನೈದಕ್ಕೆ ಏರಿತ್ತು. ಹೋಟೆಲಿನಲ್ಲಿ ಐದು ಸೆಂಟಿನ ಕಪ್ಪು ಹತ್ತಾಯಿತು. ಐದು ಸೆಂಟಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರುತ್ತಿದ್ದ ಗಂಡಸರು, ನ್ಯಾಯ ನ್ಯಾಯವೇ ಎಂದು, ಸಂಜೆಯವರೆಗೂ ಕೂರತೊಡಗಿದರು.

ಆ ಟೆಲಿವಿಷನ್ ಎಲ್ಲರಿಗೂ ಬೇಕಿತ್ತು. ವರ್ನಾ ಪಿಕೆಟ್‌ಳಿಗೆ ಬೇಕಿದ್ದ ಕಾರಣವೇ ಬೇರೆ. ಅವಳಿಗೆ ಚಿತ್ರ ಬೇಡ, ಹಾಡು ಬೇಡ. ಶುಕ್ರವಾರ ಓಪಲ್ ಟ್ರಿಂಬಲ್ ಮನೆಗೆ ಹೋಗುವುದು ತಪ್ಪಿದರೆ ಸಾಕಿತ್ತು.

ಓಪಲ್ ಎದುರು ಮನೆಯವಳು. ಅವಳ ಗಂಡ ಟ್ರ್ಯಾಕ್ಟರ್ ಮಾರುತ್ತಿದ್ದ. ಆದ್ದರಿಂದ ಆ ಬೀದಿಗೆ ಮೊದಲ ಟೆಲಿವಿಷನ್ ಅವರ ಮನೆಗೆ ಬಂತು. ವರ್ನಾಳ ಗಂಡ ಎಲ್ಮೋ ಮರದ ಅಡ್ಡೆಯಲ್ಲಿ ಹಲಗೆ ಅಳೆಯುವವನು; ಟೆಲಿವಿಷನ್ ಕುಸ್ತಿಯೆಂದರೆ ಪ್ರಾಣ ಬಿಡುವವನು. ಹಾಗಾಗಿ ಹದಿನಾಲ್ಕು ತಿಂಗಳಿನಿಂದ ಪ್ರತಿ ಶುಕ್ರವಾರ ಗಂಡಹೆಂಡಿರ ಸವಾರಿ ಅಲ್ಲಿಗೆ. ಬರಿಗೈಯಲ್ಲಿ ಹೋಗುವುದುಂಟೇ? ವರ್ನಾ ಸೇಬಿನ ಹೂರಣ ತುಂಬಿದ ಬಿಸಿಬಿಸಿ ಪೈ ಮಾಡಿ ಒಯ್ಯಬೇಕು. ಓಪಲ್ ಅಲ್ಲಿ ಸೇರಿದ ನೆರೆಯವರೆಲ್ಲರೆದುರು ಅದರ ಒಂದು ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ, “ಹೋದ ವಾರದ್ದಕ್ಕಿಂತ ವಾಸಿ ಕಣೇ ವರ್ನಾ” ಎನ್ನಬೇಕು. ಎಲ್ಮೋಗೆ ಮೆತ್ತನೆಯ ಸೋಫಾ. ವರ್ನಾಗೆ ಅಡುಗೆಮನೆಯಿಂದ ತಂದ ಕುರ್ಚಿ, ಅದೂ ದೊಡ್ಡ ದೀಪದ ಹಿಂದೆ. ಹದಿನಾಲ್ಕು ತಿಂಗಳಲ್ಲಿ ಅವಳು ಒಬ್ಬನೇ ಒಬ್ಬ ಪೈಲ್ವಾನನನ್ನೂ ಇಡಿಯಾಗಿ ಕಂಡವಳಲ್ಲ. ಎಲ್ಲರೂ ಎಡಗಡೆಯ ಅರ್ಧವೇ. ಜಗತ್ತಿನ ಗಂಡಸರಿಗೆಲ್ಲ ಒಂದೇ ಕಿವಿಯೇನೋ ಎಂಬ ಅನುಮಾನ ಅವಳಿಗೆ ಹುಟ್ಟಿಬಿಟ್ಟಿತ್ತು.

“ಇನ್ನೊಂದು ಶುಕ್ರವಾರ ಅವಳ ಮನೆ ಮೆಟ್ಟಲು ಹತ್ತಿದ್ರೆ ನನ್ನ ಹೆಸರು ವರ್ನಾ ಅಲ್ಲ” ಎಂದಳು ಗಂಡನಿಗೆ.

“ಹಾಗಂದ್ರೆ ಈ ವಾರದಿಂದ ನಿನ್ನನ್ನ ಏನಂತ ಕರೀಲಿ ಮಾರಾಯ್ತಿ?” ಎಂದ ಎಲ್ಮೋ, ಪೇಪರಿನಿಂದ ಕಣ್ಣೆತ್ತದೆ. “ಇವತ್ತು ರಾತ್ರಿ ಮುಖವಾಡದ ಪೈಲ್ವಾನ ಬರ್ತಾನೆ. ಪೈಗೆ ಚಕ್ಕೆಪುಡಿ ಸ್ವಲ್ಪ ಜಾಸ್ತಿ ಹಾಕು.”

“ನಿನಗೆ ಮಾನ ಅನ್ನೋದು ಇದೆಯಾ?”

“ಇದೆ. ಆದ್ರೆ ಅದನ್ನ ಕರೆಂಟಿಗೆ ತಗುಲಿಸಿದ್ರೆ ಚಿತ್ರ ಮೂಡಲ್ಲ ನೋಡು.”

ಅಂದಿನಿಂದ ವರ್ನಾ ಹಟ ತೊಟ್ಟಳು. ನೀಲಿ ಹುಂಜದ ಕಾಫಿ ಡಬ್ಬಿಗಳು ಅಡುಗೆಮನೆಯಲ್ಲಿ ಕೋಟೆಗೋಡೆಯಂತೆ ಎದ್ದವು. ಎಲ್ಮೋ ದಿನಕ್ಕೆ ಹದಿನೆಂಟು ಕಪ್ಪು ಕುಡಿದು ಕೈ ನಡುಗಿ, ಅವನು ಅಳೆದ ಹಲಗೆಗಳಲ್ಲಿ ಕಟ್ಟಿದ ಒಂದು ದನದ ಕೊಟ್ಟಿಗೆ ಇಂದಿಗೂ ಪಕ್ಕದ ಜಿಲ್ಲೆಯ ಕಡೆಗೆ ವಾಲಿಕೊಂಡಿದೆ.

ಎಲ್ಲ ಸರಿ, ತೊಡಕೊಂದಿತ್ತು. ಎಲ್ಡನ್ ಕ್ರೀಕಿನಲ್ಲಿ ಮನೆಗೊಂದು ತಂತಿ ಇರಲಿಲ್ಲ. ಆ ಬೀದಿಯ ಐದು ಮನೆಗಳಿಗೂ ಸೇರಿ ಒಂದೇ ತಂತಿ. ಯಾರಿಗೆ ಫೋನ್ ಬಂದರೂ ಐದು ಮನೆಯಲ್ಲೂ ಗಂಟೆ ಬಡಿಯುತ್ತಿತ್ತು. ಗಂಟೆಯ ಧಾಟಿ ಮಾತ್ರ ಮನೆಗೊಂದು; ವರ್ನಾಳದು ಎರಡು ಉದ್ದ, ಒಂದು ಗಿಡ್ಡ. ನಿಮ್ಮ ಗಂಟೆಯಲ್ಲದಿದ್ದರೆ ಎತ್ತಬಾರದು ಎಂಬುದು ಕಾನೂನು. ಎಲ್ಲರೂ ಎತ್ತುತ್ತಿದ್ದರು ಎಂಬುದು ಸಂಪ್ರದಾಯ. ಬಾಯಿಗೆ ಕೈ ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ಕೇಳುವುದು, ಆಮೇಲೆ ಎದುರಿಗೆ ಸಿಕ್ಕಾಗ “ಹೌದಾ? ನಮಗೆ ಗೊತ್ತೇ ಇಲ್ವಲ್ಲ!” ಎಂದು ಹುಬ್ಬೇರಿಸುವುದು. ಈ ಮರ್ಯಾದೆಯನ್ನು ಇಪ್ಪತ್ತು ವರ್ಷಗಳಿಂದ ಯಾರೂ ಮುರಿದಿರಲಿಲ್ಲ. ಕಷ್ಟವೆಂದರೆ, ಎತ್ತಿದ ಪ್ರತಿಯೊಂದು ರಿಸೀವರೂ ತಂತಿಯ ಬಲವನ್ನು ಹೀರುತ್ತಿತ್ತು. ಇಬ್ಬರು ಕದ್ದು ಕೇಳಿದರೆ ದನಿ ಬಾವಿಯೊಳಗಿನಿಂದ ಬಂದಂತೆ. ನಾಲ್ವರು ಕೇಳಿದರೆ ಸಮಾಧಿಯೊಳಗಿನಿಂದ.

ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆ. ವರ್ನಾ ಹಿತ್ತಲಲ್ಲಿ ಹೆಪ್ಪುಗಟ್ಟಿದ ಅಂಗಿಗಳನ್ನು ಹಗ್ಗದಿಂದ ಕಿತ್ತುಕೊಳ್ಳುತ್ತಿದ್ದಳು. ಒಳಗೆ ರೇಡಿಯೋದಲ್ಲಿ ಚೆಟ್, “ಇವತ್ತಿನ ಮನೆ, ಎಲ್ಡನ್ ಕ್ರೀಕಿನ ಪಿಕೆಟ್!” ಎಂದ. ಎರಡು ಉದ್ದ, ಒಂದು ಗಿಡ್ಡ ಬಡಿಯಿತು. ಹಿತ್ತಲಿನಿಂದ ಫೋನಿಗೆ ನಲವತ್ತು ಹೆಜ್ಜೆ; ವರ್ನಾ ಮೂರು ನೆಗೆತಕ್ಕೆ ಮುಟ್ಟಿದಳು. ನೆಲಕ್ಕೆ ಕಾಲು ತಾಗಿದ್ದನ್ನು ಕಂಡವರಿಲ್ಲ.

“ನೀಲಿ ಹುಂಜ ಕೂಗಿತು, ನಮ್ಮನೆ ಕಾಫಿ ಕುದಿಯಿತು!” ಎಂದು ಅವಳು ಅರಚಿದ ರಭಸಕ್ಕೆ ಕಿಟಕಿಯ ಹಿಮ ಉದುರಿತು.

“ಯಾರಾದ್ರೂ ಇದ್ದೀರಾ?” ಎಂದ ಚೆಟ್. “ಏನೋ ಸೊಳ್ಳೆ ಗುಂಯ್ ಅಂದ ಹಾಗೆ ಕೇಳ್ತಿದೆ. ಗಂಟೆ ಬಾರಿಸೋಕೆ ಇನ್ನೊಂದೇ ನಿಮಿಷ ತಾಯಿ, ಜೋರಾಗಿ ಹೇಳಿ!”

ವರ್ನಾಗೆ ಅರ್ಥವಾಯಿತು. ಅವಳು ಗೆಲ್ಲುವುದನ್ನು ಕೇಳಲೆಂದೇ ನಾಲ್ಕೂ ಮನೆಯವರು ರಿಸೀವರ್ ಎತ್ತಿದ್ದರು. ಅವರು ಇಟ್ಟರೆ ಇವಳ ದನಿ ಮುಟ್ಟೀತು. ಆದರೆ ಇಡಿ ಎಂದು ಹೇಳುವುದೆಂದರೆ, ನೀವು ಕದ್ದು ಕೇಳುತ್ತಿದ್ದೀರಿ ಎಂದು ಮುಖಕ್ಕೆ ಹೇಳಿದಂತೆ! ಅದೂ ರೇಡಿಯೋದಲ್ಲಿ, ಜಿಲ್ಲೆಯೆಲ್ಲ ಕಿವಿಗೊಟ್ಟಿರುವಾಗ. ಕೊಲೆ ಮಾಡಿದವನಿಗಾದರೂ ಎಲ್ಡನ್ ಕ್ರೀಕ್ ಮತ್ತೆ ಮುಖ ಕೊಟ್ಟೀತು, ಇಂಥ ಮಾತಾಡಿದವಳಿಗಲ್ಲ.

ವರ್ನಾ ಅರೆಗಳಿಗೆ ಯೋಚಿಸಿದಳು. ದೀಪದ ಹಿಂದಿನ ಅರ್ಧ ಪೈಲ್ವಾನರೆಲ್ಲ ಕಣ್ಣ ಮುಂದೆ ಸಾಲಾಗಿ ನಿಂತರು. ಮರ್ಯಾದೆ ಹಾಳಾಗಿ ಹೋಗಲಿ.

“ಗಸ್ ತಾತ! ನಿಮ್ಮ ಕುಕ್ಕೂ ಗಡಿಯಾರ ಟಿಕ್ ಟಿಕ್ ಅನ್ನೋದು ಕೇಳ್ತಿದೆ. ಇಡಿ ಕೆಳಗೆ!”

ಕಟ್.

“ಬರ್ಗ್ ಅಮ್ಮಾವ್ರೇ, ನಿಮ್ಮ ಕೆನರಿ ಹಕ್ಕಿ ಹಾಡಿದ್ದು ಸಾಕು, ದಮ್ಮಯ್ಯ ಇಡಿ!”

ಕಟ್. ದನಿ ಸ್ವಲ್ಪ ಏರಿತು.

“ಪಾದ್ರಿಯಮ್ಮಾ, ದೇವರ ಕೆಲಸ ಮಾಡೋರು ನೀವೂ ಇದ್ದೀರಲ್ಲ! ರೊಟ್ಟಿ ಕರುಂ ಕುರುಂ ಅಂತ ಅಗೀತಾ ಇರೋದು ನೀವೇ ತಾನೆ? ಹತ್ತು ಗಂಟೆಗೆ ಈ ಬೀದೀಲಿ ಇನ್ಯಾರು ತಿಂಡಿ ತಿಂತಾರೆ?”

“ನಾನು ಪ್ರಾರ್ಥನೆ ಮಾಡ್ತಿದ್ದೆ” ಎಂದು ಯಾರೋ ತುಂಬಿದ ಬಾಯಲ್ಲಿ ಗೊಣಗಿದರು. ಕಟ್.

“ಹಾಂ, ಈಗ ಒಬ್ರು ಹೆಂಗಸು ಬಾವಿಗೆ ಬಿದ್ದು ಕೂಗ್ತಿರೋ ಹಾಗೆ ಕೇಳ್ತಿದೆ!” ಎಂದ ಚೆಟ್ ಉತ್ಸಾಹದಿಂದ. “ಆದ್ರೆ ತಾಯಿ, ಇಷ್ಟು ಖಚಿತವಾಗಿ ನಿಮಗೆ ಹೇಗೆ ಗೊತ್ತು ಯಾರ ಮನೇಲಿ ಯಾವ ಸದ್ದು ಅಂತ? ನೀವೂ ಏನಾದ್ರೂ...?”

ಜಿಲ್ಲೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ ಸದ್ದು ದೂರದ ಒಮಾಹಾ ಪಟ್ಟಣದವರೆಗೆ ಕೇಳಿಸಿತಂತೆ. ವರ್ನಾಳ ಕಿವಿ ಬಿಸಿಯಾಯಿತು. ಆದರೆ ತಂತಿಯ ಬಲ ಇನ್ನೂ ಪೂರ್ತಿ ಬಂದಿರಲಿಲ್ಲ. ಇನ್ನೊಬ್ಬಳು ತಂತಿಯ ಮೇಲೆ ಕೂತೇ ಇದ್ದಳು. ಓಪಲ್‌ಳ ಹೊಸ ಫೋನ್ ಒಂದೇ, ಹಳೆಯ ಎರಡು ಫೋನಿನಷ್ಟು ಬಲ ಹೀರುತ್ತಿತ್ತು. ಟ್ರಿಂಬಲ್ ಮನೆಯಲ್ಲಿ ಎಲ್ಲವೂ ದೊಡ್ಡದೇ.

“ಓಪಲ್, ಇಡೇ.”

ತಂತಿಯಲ್ಲಿ ಬುಸ್ ಎಂದು ಒಂದು ಉಸಿರು.

“ಓಪಲ್, ನಿನ್ನ ಉಸಿರು ಕೇಳ್ತಿದೆ ಕಣೇ. ಶುಕ್ರವಾರ ನನ್ನ ಪೈ ಮೂಸಿ ನೋಡೋವಾಗ್ಲೂ ಹೀಗೇ ಬಿಡ್ತೀಯ.”

“ನಾನೇನೂ ಕೇಳಿಸ್ಕೊಳ್ತಿಲ್ಲಪ್ಪ” ಎಂದಳು ಓಪಲ್, ರಾಣಿಯ ಗತ್ತಿನಲ್ಲಿ.

“ಹಾಗಿದ್ರೆ ಇಡು!”

“ಕೇಳಿಸ್ಕೊಳ್ದೇ ಇರೋಳು ಇಡೋದು ಏನನ್ನ? ಆದ್ರೆ ನೋಡು ವರ್ನಾ, ಒಂದ್ವೇಳೆ ಕೇಳಿಸ್ಕೊಳ್ತಾ ಇದ್ದಿದ್ರೆ, ಒಂದು ಮಾತು ಕೇಳ್ತಿದ್ದೆ. ನಿಮ್ಮನೇಗೂ ಟೆಲಿವಿಷನ್ ಬಂದ್ಬಿಟ್ರೆ ನನ್ನ ಶುಕ್ರವಾರದ ಪೈ ಗತಿ ಏನು?”

“ಇನ್ನು ಇಪ್ಪತ್ತು ಸೆಕೆಂಡು!” ಎಂದ ಚೆಟ್. “ಪೈ ಅಂತೇನೋ ಕೇಳಿಸ್ತು ತಾಯಿ, ನಮಗೆ ಬೇಕಾಗಿರೋದು ಕಾಫಿ!”

“ವಾರ ಬಿಟ್ಟು ವಾರ ಕಳಿಸ್ತೀನಿ ಓಪಲ್!”

“ಕಳಿಸೋದಾ? ತಣ್ಣಗಾಗಿರೋ ಪೈ ನಾಯಿಗೆ ಹಾಕ್ತಾರೆ. ಯಾರಾದ್ರೂ ಬಿಸಿಬಿಸಿ ತಂದು, ಜೊತೇಲಿ ಕೂತು...”

“ಹತ್ತು ಸೆಕೆಂಡು!”

“ಪ್ರತಿ ಶುಕ್ರವಾರ!” ಎಂದು ಕಿರುಚಿದಳು ವರ್ನಾ. “ಒಂದು ವರ್ಷ ಪೂರ್ತಿ! ನಾನೇ ಬಿಸಿಬಿಸಿ ತಂದು, ನಿನ್ನ ಜೊತೇಲೇ ಕೂರ್ತೀನಿ, ಕುಸ್ತಿ ಮುಗಿಯೋವರೆಗೂ ಕೂರ್ತೀನಿ! ದೇವರಾಣೆ! ಇಡೇ ತಾಯಿ!”

ಕಟ್.

“ನೀಲಿ ಹುಂಜ ಕೂಗಿತು, ನಮ್ಮನೆ ಕಾಫಿ ಕುದಿಯಿತು!”

ಈ ಸಲ ದನಿ ಎಷ್ಟು ಸ್ಪಷ್ಟವಾಗಿ ಹೋಯಿತೆಂದರೆ, ಚೆಟ್ ಫೆರಿಸ್ ಫೋನ್ ಹಿಡಿದ ಕಿವಿಯಲ್ಲಿ ಮೂರು ದಿನ ಏನೂ ಕೇಳಲಾರದೆ ಹೋದ. ಅದಾದ ಮೇಲೆಯೇ ಗಂಟೆ ಬಡಿಯಿತು. ಬಹುಮಾನ ಬಂತು.

ಗುರುವಾರ ನಾಲ್ಕು ಜನ ಹೊತ್ತುಕೊಂಡು ಬಂದು ಟೆಲಿವಿಷನ್ನನ್ನು ವರ್ನಾಳ ನಡುಮನೆಯಲ್ಲಿಟ್ಟರು. ಎಲ್ಮೋ ಸೂರಿನ ಮೇಲೆ ಹತ್ತಿ ಆಂಟೆನಾ ನಿಲ್ಲಿಸಿದ. ಕಾಫಿ ಕುಡಿದ ಕೈಯಾದ್ದರಿಂದ ಅದು ತಾನಾಗಿಯೇ ಅಲುಗಾಡಿ ಚಿತ್ರ ಸಿಗುವ ದಿಕ್ಕನ್ನು ಹುಡುಕಿಕೊಂಡಿತು. ಹೆಸರು ಹೇಳಿಸಿಕೊಂಡ ಗಸ್ ತಾತ, ಬರ್ಗ್ ಅಮ್ಮಾವ್ರು, ಪಾದ್ರಿಯಮ್ಮ ಜನ್ಮದಲ್ಲಿ ಈ ಮನೆಗೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದರು. ಆ ಶಪಥ ಶುಕ್ರವಾರ ಸಂಜೆ ಏಳರವರೆಗೂ ಗಟ್ಟಿಯಾಗಿತ್ತು. ಏಳೂ ಐದಕ್ಕೆ ಮೂವರೂ ಸೋಫಾದ ಮೇಲಿದ್ದರು.

ವರ್ನಾ ಟೋಪಿ ಹಾಕಿಕೊಂಡು, ಬಿಸಿ ಪೈಯನ್ನು ಬಟ್ಟೆಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು.

“ಎಲ್ಮೋ, ನೀನೂ ಬಾ.”

“ನಾನ್ಯಾಕೆ?” ಎಂದ ಎಲ್ಮೋ, ಸ್ಟೂಲಿನ ಮೇಲೆ ಕಾಲು ಚಾಚಿ. “ಆಣೆ ಇಟ್ಟೋಳು ನೀನು. ಜಿಲ್ಲೆಯೆಲ್ಲ ಕೇಳಿದೆ, ತಪ್ಪೋಕಾಗುತ್ತಾ? ಹೋಗು ಹೋಗು, ಬಾಗಿಲು ಹಾಕ್ಕೊಂಡು ಹೋಗು, ಚಳಿ ಬರುತ್ತೆ.”

“ಚಕ್ಕೆಪುಡಿ ಘಮಘಮ ಅಂತಿದೆಯಲ್ಲಮ್ಮ” ಎಂದರು ಪಾದ್ರಿಯಮ್ಮ ಆಸೆಯಿಂದ.

ವರ್ನಾ ಬಾಗಿಲನ್ನು ಹಾಕಿದ ರೀತಿಗೆ ಮುಖವಾಡದ ಪೈಲ್ವಾನ ಪರದೆಯ ಮೇಲೆ ಎರಡು ಸಲ ನೆಗೆದ.

ಎದುರು ಮನೆಯಲ್ಲಿ ಓಪಲ್ ಒಬ್ಬಳೇ ಕಾದಿದ್ದಳು. ಗಂಡ ಟ್ರ್ಯಾಕ್ಟರ್ ಮಾರಲು ಹೋಗಿದ್ದ. ಉಳಿದವರೆಲ್ಲ ಹೊಸ ಪೆಟ್ಟಿಗೆಯ ಮುಂದಿದ್ದರು. ಇಬ್ಬರೂ ಕೂತರು. ಪರದೆಯ ಮೇಲೆ ಇಬ್ಬರು ದಡಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ನರಳುತ್ತಿದ್ದರು. ಬೀದಿಯಾಚೆಯಿಂದ, ವರ್ನಾಳ ಸ್ವಂತ ಮನೆಯಿಂದ, ಗಸ್ ತಾತ ಸಿಳ್ಳೆ ಹೊಡೆದದ್ದು ಕೇಳಿಸಿತು.

ಓಪಲ್ ಪೈಯನ್ನು ಕತ್ತರಿಸಿ, ಒಂದು ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದಳು.

“ಸಕ್ಕರೆ ಒಂದು ಚೂರು ಕಮ್ಮಿ ಆಯ್ತು ಕಣೇ ವರ್ನಾ.”

“ಯೋಚ್ನೆ ಮಾಡ್ಬೇಡ” ಎಂದಳು ವರ್ನಾ, ಹಲ್ಲು ಕಚ್ಚಿಕೊಂಡು. “ಇನ್ನೂ ಐವತ್ತೊಂದು ಶುಕ್ರವಾರ ಇದೆ.”