ಕೆಟಲು ಲಾರಿಯ ಮೆರವಣಿಗೆ

ನನ್ನ ಗಂಡ ಅವದಲ್ಲಾನಿಗೆ ಮಲ್ಲವಿ ಪೇಟೆಯಲ್ಲಿ ಎರಡು ಹೆಸರು. ಒಂದು ಅವನಪ್ಪ ಇಟ್ಟದ್ದು, ಇನ್ನೊಂದು ಕೆಟಲು, ಚಹಾಕ್ಕೆ ನೀರು ಕುದಿಸುವ ಕೆಟಲು. ಈ ಎರಡನೆಯದು ಬಂದದ್ದು ನಮ್ಮ ಹಿರಿಯ ಮಗಳು ಸಬಾಹ್‌ಳ ಮದುವೆಯಲ್ಲಿ. ಮದುಮಗಳ ಸಾಮಾನನ್ನು ತವರಿನವರೇ ಲಾರಿಗೆ ಹೇರಿ, ಬೀದಿಬೀದಿ ಮೆರೆಸಿ, ಗಂಡಿನ ಮನೆಗೆ ಮುಟ್ಟಿಸಬೇಕು. ಲಾರಿ ಮುದುಕರ ಹೆಜ್ಜೆಯಲ್ಲಿ ಹೋಗಬೇಕು, ಇಲ್ಲದಿದ್ದರೆ ಬಾಲ್ಕನಿಯ ಹೆಂಗಸರು ಮಂಚ, ಕಪಾಟು, ಹಾಸಿಗೆಗಳನ್ನು ಅಳೆದು ಮೂಗು ಮುರಿಯುವುದು ಹೇಗೆ? ಆ ನಿಧಾನಕ್ಕೆ ನಮ್ಮ ಮುದಿ ಲಾರಿ ಕಾದು ಕೆಂಡವಾಗಿ, ಸಂತೆಬೀದಿಯ ನಟ್ಟನಡುವೆ ಬುಸ್ಸೆಂದು ಉಗಿ ಬಿಟ್ಟು ನಿಂತಿತು. ಸಬಾಹ್‌ಳ ಫ್ರಿಜ್ಜು ಅತ್ತೆಮನೆ ಸೇರಿದ್ದು ಕತ್ತೆಗಾಡಿಯ ಮೇಲೆ. ಇಂದಿಗೂ ಆ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದರೂ ಆ ಕತ್ತೆಯ ಮಾತು ಬರುತ್ತದೆ, ನನ್ನ ಮಗಳು ತಲೆ ತಗ್ಗಿಸುತ್ತಾಳೆ.

ಈಗ ಕಿರಿಯವಳು ರಬಾಬ್‌ಳ ಸರದಿ. ಅವಳ ಅತ್ತೆಯಾಗುವ ಇಖ್ಲಾಸ್ ನಿಶ್ಚಿತಾರ್ಥದ ಶರಬತ್ತು ಕುಡಿಯುತ್ತಲೇ ಶುರು ಮಾಡಿದಳು.

"ನಫೀಸಾ, ನಿಮ್ಮ ಕೆಟಲು ಲಾರಿ ತರಬ್ಯಾಡವ್ವ. ನನ್ನ ತಮ್ಮನ ಲಾರಿ ಕಳಸ್ತೀನಿ."

"ನಿನ್ನ ತಮ್ಮನ ಲಾರಿ ನಿನ್ನ ಮಗಳ ಮದುವಿಗೆ ಇಟ್ಕೋ. ನನ್ನ ಮಗಳು ಅಪ್ಪನ ಲಾರ್‍ಯಾಗ ಬರ್ತಾಳ" ಎಂದೆ. ಬಾಯಲ್ಲಿ ಹೇಳಿದ್ದೇನೋ ಹೌದು, ಆದರೆ ಲಾರಿಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಇನ್ನೊಬ್ಬ ಮಗಳ ಬಾಳಿಗೆ ಇನ್ನೊಂದು ಕತ್ತೆಯನ್ನು ಕಟ್ಟಿ ಕಳಿಸಲು ನನ್ನಿಂದ ಆಗದು.

ನನ್ನ ಗಂಡನ ಪ್ರಕಾರ ಲಾರಿಗೆ ರೋಗವೇ ಇರಲಿಲ್ಲ, ದೃಷ್ಟಿ ಆಗಿತ್ತು. ಮುಂದಿನ ಬಂಪರಿಗೆ ಮಗುವಿನ ಹಳೇ ಬೂಟೊಂದನ್ನು ಕಟ್ಟಿ ಎದೆ ಉಬ್ಬಿಸಿಕೊಂಡ. ನಾನು ಅವನನ್ನೂ ಬೂಟನ್ನೂ ಲಾರಿಯನ್ನೂ ವಾಹನಗಳ ಕರೆಂಟು ಕೆಲಸದ ಗಿರ್ಗಿಸನ ಬಳಿಗೆ ಅಟ್ಟಿಕೊಂಡು ಹೋದೆ. ಗಿರ್ಗಿಸನಿಗೆ ಕೈಗಿಂತ ಬಾಯಿ ಚುರುಕು.

"ಬೂಟು ಗಾಳಿ ಬೀಸ್ತೈತೇನೋ ಕೆಟಲು?" ಎಂದು ಬಾನೆಟ್ಟು ಎತ್ತಿದ. "ಈ ಫ್ಯಾನು ಎಂಜಿನ್ನಿನ ಬೆಲ್ಟಿಗೆ ಕಟ್ಟಿದ್ದು. ಎಂಜಿನ್ ನಿಧಾನ ತಿರುಗಿದ್ರ ಇದೂ ನಿಧಾನ. ಮೆರವಣಿಗ್ಯಾಗ ಗಾಳಿ ಬೇಕಂದಾಗ್ಲೇ ನಿದ್ದಿ ಹೊಡೀತೈತಿ, ಥೇಟ್ ನಿನ್ನಂಗ. ಕರೆಂಟ್ ಫ್ಯಾನ್ ಹಾಕ್ತೀನಿ. ಲಾರಿ ನಿಂತ್ರೂ ಅವು ನಿಲ್ಲಂಗಿಲ್ಲ."

ಜಜ್ಜಿಹೋದ ಕಾರಿನಿಂದ ಎರಡು ಫ್ಯಾನು ಕಿತ್ತು ತಂದ. ತುಪ್ಪದ ಡಬ್ಬಿ ಕತ್ತರಿಸಿ ತಗಡಿನ ಕವಚ ಮಾಡಿ, ರೇಡಿಯೇಟರಿನ ಹಿಂದೆ ಅವನ್ನು ಕೂರಿಸಿದ. ಗಾಳಿ ಮುಂದಿನಿಂದ ಒಳಕ್ಕೆ ಬರಬೇಕಂತೆ. ಬರುತ್ತದೋ ಇಲ್ಲವೋ ನೋಡಲು ನನ್ನ ಗಂಡನ ತಲೆವಸ್ತ್ರ ಬಿಚ್ಚಿಸಿ ಜಾಲರಿಯ ಮುಂದೆ ಹಿಡಿಸಿದ. ಒಂದು ಫ್ಯಾನು ಬಟ್ಟೆಯನ್ನು ಲಬಕ್ಕನೆ ಎಳೆದುಕೊಂಡಿತು. ಇನ್ನೊಂದು ಅವನ ಮುಖಕ್ಕೇ ಬಡಿಯಿತು. ಗಿರ್ಗಿಸ್ ಕೆಮ್ಮಿ, ಅದರ ವೈರುಗಳನ್ನು ಅದಲುಬದಲು ಮಾಡಿದ ಮೇಲೆ ಅದೂ ದಾರಿಗೆ ಬಂತು.

"ಒಂದು ಮಾತು ಕೇಳು" ಎಂದ. "ನಿನ್ನ ಡೈನಮೋ ಮುದುಕ. ಈ ಎರಡು ಫ್ಯಾನು ಸಾಕಿದ್ರ ದೊಡ್ಡದು. ಬ್ಯಾಟರಿಗೆ ಬ್ಯಾರೆ ಏನರ ಕಟ್ಟಿದ್ರ ಮತ್ತ ನನ್ನ ಮುಂದ ಅಳಬ್ಯಾಡ."

"ನಾನೇನ್ ಹುಚ್ಚನೇನು?" ಎಂದ ನನ್ನ ಗಂಡ. ಉತ್ತರ ನನಗೆ ಗೊತ್ತಿತ್ತು.

ಮೆರವಣಿಗೆಯ ಮಧ್ಯಾಹ್ನ ಲಾರಿ ತುಂಬ ಹೊಳೆಯುವ ಸಾಮಾನು, ತುದಿಯಲ್ಲಿ ಫ್ರಿಜ್ಜು. ನಾನು ಕ್ಯಾಬಿನ್ನಿನಲ್ಲಿ ಅವನ ಪಕ್ಕ ಕೂತೆ. ಲಾರಿ ಅಂಗಳ ದಾಟಿದ್ದೇ ತಡ, ತಲೆಯ ಮೇಲೆ ಆಕಾಶ ಹರಿದ ಹಾಗೆ ಹಾಡು ಕಿರುಚಿತು. ಈ ಮಹಾರಾಯ ನನಗೂ ಹೇಳದೆ ಸಾಮಾನಿನ ಮರೆಯಲ್ಲಿಟ್ಟು ಎರಡು ದೊಡ್ಡ ಧ್ವನಿವರ್ಧಕಗಳನ್ನು ಬ್ಯಾಟರಿಗೆ ಕಟ್ಟಿದ್ದ!

"ಗಿರ್ಗಿಸ್ ಏನ್ ಹೇಳಿದ್ದ?"

"ಹಾಡಿಲ್ದ ಕಳಸಿದ್ರ ಹೆಣ ಒಯ್ದಂಗ ಆಗ್ತೈತಿ, ನಫೀಸಾ. ಒಬ್ಬಾಕಿ ಮಗಳು ಉಳದಾಳ, ಅಕಿಗಾದ್ರೂ ಜೋರಾಗಿ ಮಾಡ್ಬಾರ್ದೇನು?" ಅವನ ಕಣ್ಣು ತೇವವಾಗಿತ್ತು. ಆ ಕಣ್ಣು ನೋಡಿ ನಾನೂ ಕೆಟ್ಟೆ, ಹಾಡನ್ನು ಹಾಗೇ ಕಿರುಚಲು ಬಿಟ್ಟೆ.

ಸಂತೆಬೀದಿ ಮುಟ್ಟುವಾಗ ಫ್ಯಾನುಗಳ ಗುಂಯ್ ಎನ್ನುವ ಸದ್ದು ನರಳಾಟಕ್ಕೆ ಇಳಿಯಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನ ಕಡೆ ಹೊರಟಿತು. ಹೋದ ಸಲ ಉಗಿ ಎದ್ದ ಜಾಗ ಎದುರಿಗೇ ಇತ್ತು. ಕಟ್ಟೆಯ ಮೇಲೆ ಕೂತವನೊಬ್ಬ, "ಕೆಟಲು ಬಂತು, ಲೋಟ ತರ್‍ರೋ!" ಎಂದು ಕೂಗಿದ.

"ಹಾಡು ಬಂದ್ ಮಾಡು."

"ಊರ ಮುಂದ ಹೆಂಗ ಬಂದ್ ಮಾಡ್ಲಿ?"

ನಾನು ಕೆಳಗೆ ಹಾರಿದೆ. ಚಕ್ರದ ಪಕ್ಕದ ಬ್ಯಾಟರಿಯಿಂದ ಹಾಡಿನ ವೈರನ್ನು ಕೋಳಿಯ ಪುಕ್ಕದಂತೆ ಕಿತ್ತೆ. ಬೀದಿ ಸ್ತಬ್ಧವಾಯಿತು. "ಯಾರ್ ಸತ್ರು?" ಎಂದಿತು ಒಂದು ಬಾಲ್ಕನಿ. ಏನು ಮಾಡಲಿ? ನಾಲಿಗೆ ಹೊರಳಿಸಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಮದುವೆಮನೆಯ ಹೆಂಗಸರಂತೆ ಉಲುಲುಲು ಎಂದು ಕೂಗಿದೆ. ಹಿಂದೆ ಸಾಮಾನಿನ ನಡುವೆ ಕೂತಿದ್ದ ನನ್ನ ತಂಗಿಯರೂ ಹಾಗೇ ಕೂಗಿದರು. ಯಾರೋ ರಬಾಬ್‌ಳ ಪಾತ್ರೆಯನ್ನೇ ಎತ್ತಿ ಬಡಿಯತೊಡಗಿದರು. ನಾನು ಲಾರಿಯ ಮುಂದೆ ನಡೆಯುತ್ತ ಬಾಯಿಗೆ ಬಂದದ್ದನ್ನು ಕಟ್ಟಿ ಹಾಡಿದೆ:

"ಅತ್ತೆವ್ವ ಬಾಗಿಲಿಗೆ ಬಂದಾಳ ನೋಡ್ರೇ,
ಫ್ರಿಜ್ಜು ನೋಡಾಕ ಕನ್ನಡ್ಕ ತಂದಾಳ ನೋಡ್ರೇ!"

ಬೀದಿಯೇ ನಕ್ಕು ಚಪ್ಪಾಳೆ ಹಾಕಿತು. ಹಿಂದೆ ಫ್ಯಾನುಗಳು ಮತ್ತೆ ಗುಂಯ್ ಎಂದವು. ಕಿಟಕಿಯಿಂದ ನನ್ನ ಗಂಡ, "ಇಳಿಯಾಕತ್ತೈತಿ, ಮುಳ್ಳು ಇಳಿಯಾಕತ್ತೈತಿ! ಹಾಡು, ಹಾಡು!" ಎಂದು ಅರಚಿದ. ಆ ಉದ್ದನೆಯ ಬೀದಿಯುದ್ದಕ್ಕೂ ನಾನು ಇಖ್ಲಾಸಳ ವಂಶಾವಳಿಯನ್ನು ಹಾಡಿ ಹರಿದು ಹಾಕಿದೆ.

ಅವಳು ಬಾಗಿಲಲ್ಲೇ ನಿಂತಿದ್ದಳು. ಕಾಲ ಬಳಿ ತುಂಬಿದ ಬಕೆಟ್ಟು, ಅದರಲ್ಲಿ ತೇಲುವ ಮಗ್ಗು. ಎಲ್ಲರಿಗೂ ಕೇಳುವಂತೆ, "ಬರ್‍ರಿ ಬರ್‍ರಿ, ನಿಮ್ಮ ಕೆಟಲಿಗೆ ನೀರು ತುಂಬ್ಸಿ ಇಟ್ಟೀನಿ" ಎಂದಳು.

ಲಾರಿ ಅವಳ ಹೊಸ್ತಿಲ ಮುಂದೆ ಬಂದು ನಿಂತಿತು. ಎಳ್ಳಷ್ಟು ಉಗಿಯಿಲ್ಲ. ನಾನು ಮಗ್ಗು ಮುಳುಗಿಸಿ ಗಟಗಟನೆ ಕುಡಿದೆ, ಮತ್ತೊಂದು ಮಗ್ಗನ್ನು ತಲೆಯ ಮೇಲೆ ಸುರಿದುಕೊಂಡೆ.

"ಲಾರಿಗೆ ಬ್ಯಾಡವ್ವ" ಎಂದೆ. ಗಂಟಲಿನಿಂದ ಕಪ್ಪೆಯ ದನಿ ಬಂತು. "ಇವತ್ತು ಕುದ್ದಾಕಿ ನಾನು."

ಮರುದಿನದಿಂದ ಕೆಟಲು ಎನ್ನುವ ಹೆಸರು ನನ್ನ ಪಾಲಿಗೆ ಬಂತು. ಬರಲಿ ಬಿಡಿ, ನನ್ನ ರಬಾಬ್‌ಳ ಫ್ರಿಜ್ಜು ಅಪ್ಪನ ಲಾರಿಯಲ್ಲೇ ಹೋಯಿತು.