ಕಾಶಿಯಲ್ಲಿ ಬಿಟ್ಟ ಗೋಧಿ

ಬಾಳೆಲೆಯ ಮೇಲೆ ಅಡ್ಡ ಹಿಡಿದ ಒಂದು ಪುಟ್ಟ ಕೈ. ವಾರಿಜಳನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅವಳ ಮುಖವಲ್ಲ, ಆ ಕೈ. ಬಡಿಸುವವರು ಚಿರೋಟಿಯ ಬುಟ್ಟಿ ಹಿಡಿದು ಪಂಕ್ತಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಇವಳ ಅಂಗೈ ಎಲೆಗೆ ಚಪ್ಪರ ಕಟ್ಟಿಬಿಡುತ್ತಿತ್ತು. ಹೋಳಿಗೆ ಬಂದರೂ ಅದೇ, ಶಾವಿಗೆ ಪಾಯಸ ಬಂದರೂ ಅದೇ. ಆ ಕೈ ತಡೆದ ಹೋಳಿಗೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ನಮ್ಮೂರ ಗುಡಿಯ ಗೋಪುರ ಅದರ ಸೊಂಟಕ್ಕೂ ಬರುತ್ತಿರಲಿಲ್ಲ. ನಾನು ಎಲ್ಲವನ್ನೂ ಸ್ವಲ್ಪ ಹಿಗ್ಗಿಸಿ ಹೇಳುತ್ತೇನೆಂದು ಕೆಲವರು ಆಡಿಕೊಳ್ಳುತ್ತಾರೆ. ಹೊಟ್ಟೆಕಿಚ್ಚು, ಮತ್ತೇನಲ್ಲ.

ವಾರಿಜ ನನ್ನ ಅಕ್ಕ ತುಂಗಮ್ಮನ ಒಬ್ಬಳೇ ಮಗಳು. ಭಾವ ಬೇಗ ತೀರಿಕೊಂಡಿದ್ದರಿಂದ ಆ ಮನೆಯ ಗಂಡು ದಿಕ್ಕು ನಾನೇ, ಮತ್ತು ಅಂಥ ದಿಕ್ಕು ಎಂಟು ದಿಕ್ಕುಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಎಳವೆಯಲ್ಲಿ ಹುಡುಗಿ ತಿಂದದ್ದು ಒಂದೂ ಮೈಗೆ ಹತ್ತುತ್ತಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತಂಬೂರಿಯ ಬುರುಡೆ. ಮೈ ತುಂಬಿಕೊಳ್ಳಲಿ ಎಂದು ಅಕ್ಕ ತುಪ್ಪ ಹಾಕಿ ಗೋಧಿ ಗಂಜಿ ಕುಡಿಸುವಳು. ಕುಡಿಸಿದಷ್ಟೂ ಹುಡುಗಿ ಸೊರಗುವಳು. ಸೊರಗಿದಷ್ಟೂ ಅಕ್ಕ ಇನ್ನೊಂದು ಬಟ್ಟಲು ಕುಡಿಸುವಳು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನು ತುಳಿಯದ ವೈದ್ಯರ ಹೊಸ್ತಿಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು. "ಗೋಧಿ ಇವಳ ಕರುಳಿಗೆ ಆಗೋದಿಲ್ಲ. ಇವತ್ತು ನಾಳೆಗಲ್ಲ, ಬದುಕಿರೋವರೆಗೂ. ಒಂದು ಚಿಟಿಕೆ ಕೂಡ ಬೇಡ."

ಅಕ್ಕ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ತಾನು ಕುಡಿಸಿದ ಗಂಜಿಯ ಬಟ್ಟಲುಗಳೆಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು.

ಗೋಧಿ ಬಿಟ್ಟರೆ ಮುಗಿಯಿತೆಂದು ನಾವು ತಿಳಿದಿದ್ದೆವು. ಆ ಪುಣ್ಯಾತ್ಮ ಧಾನ್ಯ ಎಲ್ಲೆಲ್ಲಿ ಅಡಗಿ ಕೂರುತ್ತದೆಂಬುದು ಆಮೇಲೆ ತಿಳಿಯಿತು. ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದಿರುತ್ತಾರೆ. ಶಾವಿಗೆಯ ಸೌಟನ್ನೇ ಸಾರಿಗೆ ಅದ್ದಿರುತ್ತಾರೆ. ಕಟ್ಟಿದ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುವುದುಂಟೆಂದು ತಿಳಿದ ದಿನ ಅಕ್ಕ ಇಂಗಿನ ಡಬ್ಬಿಯನ್ನು ಹಿತ್ತಲ ಗೋಡೆಯಾಚೆ ಎಸೆದಳು. ಅದು ಎರಡು ಬೀದಿ ದಾಟಿ ಬಿದ್ದು, ಅಲ್ಲಿನ ನಾಯಿಗಳು ಒಂದು ವಾರ ಸೀನಿದವು. ಅಂದಿನಿಂದ ವಾರಿಜಳಿಗೆ ಬೇರೆ ಬಾಣಲೆ, ಬೇರೆ ಸೌಟು, ಬೇರೆ ಒರಸು ಬಟ್ಟೆ. ಹುಡುಗಿ ಚಿಗುರಿದಳು. ಚಿಗುರಿ, ನೋಡನೋಡುತ್ತಿದ್ದಂತೆ ಮದುವೆಗೆ ಬಂದಳು.

ನಿಜವಾದ ಸಂಕಟ ಆಗ ಶುರುವಾಯಿತು. ಬಂದ ಗಂಡಿನ ಕಡೆಯವರಿಗೆಲ್ಲ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಹೇಳುವವರೆಗೆ ಅವರಿಗೆ ಹುಡುಗಿಯ ಬಣ್ಣ, ಹಾಡು, ಜಡೆ ಎಲ್ಲ ಹಿಡಿಸುತ್ತಿತ್ತು. ಹೇಳಿದ ಮೇಲೆ ಚಪ್ಪಲಿ ಹುಡುಕುತ್ತಿದ್ದರು. "ದಿನಾ ಚಪಾತಿ ಮಾಡೋ ಮನೆ ನಮ್ಮದು. ರೋಗಿ ತಂದ್ಕೊಂಡು ಏನಮ್ಮಾ ಮಾಡೋಣ?" ಎಂದು ಒಬ್ಬಾಕೆ ವಾರಿಜಳೆದುರೇ ಅಂದಳು. ಅಕ್ಕನ ಎದೆನೋವು ಹೆಚ್ಚುತ್ತ ಬಂತು. ಒಮ್ಮೆ ಕಾಫಿ ಲೋಟ ಕೈಗಿಡುತ್ತ ಅವಳು ಕೇಳಿದಳು. "ನಾನು ಕಣ್ಮುಚ್ಚಿದ ಮೇಲೆ ಇವಳಿಗೆ ಬೇರೆ ಸೌಟು ಇಡೋರು ಯಾರೋ?"

ಮರುದಿನವೇ ನಾನು ಜಾತಕ ಹಿಡಿದು ಏಳು ಊರು ಸುತ್ತಿ ಬಂದೆ.

ಹೊಳೆಯಾಚೆಯ ಊರಿನಿಂದ ಶ್ರೀನಿಧಿಯ ಕಡೆಯವರು ಬಂದದ್ದು ಆ ದಿನಗಳಲ್ಲಿ. ಹುಡುಗ ಮೆದು. ಮನೆ ನಡೆಸುತ್ತಿದ್ದವರು ಅವನ ಅಜ್ಜಿ ಗೋದಾವರಮ್ಮ. ಆಕೆ ನಮ್ಮ ಉಪ್ಪಿಟ್ಟನ್ನು ಬೆರಳಿನಲ್ಲಿ ಹೊಸಕಿ ನೋಡಿದರು.

"ಅಕ್ಕಿ ತರಿ. ಯಾಕೆ, ಗೋಧಿ ರವೆ ಈ ಊರಿಗೆ ಬರೋದಿಲ್ವೋ?"

ಅಕ್ಕ ಬಾಯಿ ತೆರೆದಳು. ಮತ್ತೊಮ್ಮೆ ಚಪ್ಪಲಿಗಳ ಸದ್ದು ಕೇಳಲು ನಾನು ಸಿದ್ಧನಿರಲಿಲ್ಲ. ಅವಳಿಗಿಂತ ಮೊದಲು ನನ್ನ ನಾಲಿಗೆ ಹೊರಟಿತು.

"ಹುಡುಗಿ ಕಾಶಿಯಲ್ಲಿ ಗೋಧಿ ಬಿಟ್ಟು ಬಂದಿದಾಳಮ್ಮ."

ನಮ್ಮಲ್ಲಿ ಕಾಶಿಗೆ ಹೋದವರು ತಿನ್ನುವ ಪದಾರ್ಥವೊಂದನ್ನು ಗಂಗೆಯಲ್ಲಿ ಬಿಟ್ಟು ಬರುತ್ತಾರೆ. ಬಿಟ್ಟದ್ದನ್ನು ಮತ್ತೆ ಮುಟ್ಟುವಂತಿಲ್ಲ, ತಿನ್ನೆಂದು ಇನ್ನೊಬ್ಬರು ಒತ್ತಾಯಿಸುವಂತೆಯೂ ಇಲ್ಲ. ಇಷ್ಟವಾದದ್ದನ್ನೇ ಬಿಡಬೇಕೆಂಬುದು ನಿಯಮ. ಹೆಚ್ಚಿನವರು ಬಿಡುವುದು ಹಾಗಲಕಾಯಿ.

"ಇಷ್ಟು ಚಿಕ್ಕವಳೇ?" ಎಂದರು ಗೋದಾವರಮ್ಮ.

"ಆಗ ಇನ್ನೂ ಚಿಕ್ಕವಳು. ಹೋಳಿಗೆ ಅಂದ್ರೆ ಪ್ರಾಣ ಬಿಡೋಳು. ಅದನ್ನೇ ಬಿಡ್ತೀನಿ ಅಂತ ಹಟ ಹಿಡಿದಳು." ಮುಂದಿನದನ್ನು ನಾನು ಹೇಳಲಿಲ್ಲ, ಅದು ತಾನಾಗಿ ಹರಿಯಿತು. ಗಂಗೆ ನನ್ನ ಗಲ್ಲದವರೆಗೆ ಏರಿದ್ದು, ಮಗು ನನ್ನ ಹೆಗಲ ಮೇಲೆ ನಿಂತು ಬೊಗಸೆ ಗೋಧಿಯನ್ನು ಚೆಲ್ಲಿದ್ದು, ದಡದಲ್ಲಿದ್ದ ಸನ್ಯಾಸಿಗಳು ಎದ್ದು ನಿಂತದ್ದು. ಹೇಳುತ್ತ ಹೇಳುತ್ತ ನನ್ನ ಕಾಲಿಗೇ ನೀರು ತಣ್ಣಗೆ ತಾಗಿದಂತಾಯಿತು.

ಗೋದಾವರಮ್ಮನ ಕಣ್ಣು ತುಂಬಿತ್ತು. "ನಾನು ಹಲಸಿನ ಹಣ್ಣು ಬಿಟ್ಟೆ" ಎಂದರು. "ಹಣ್ಣಿನ ಕಾಲದಲ್ಲಿ ಜಗಲಿಗೂ ಬರೋದಿಲ್ಲ ನಾನು. ವಾಸನೆಗೇ ಬಾಯಲ್ಲಿ ನೀರೂರತ್ತೆ. ಅದೇನು ಅಂತ ಬಿಟ್ಟೋರಿಗೇ ಗೊತ್ತು." ಅವರು ವಾರಿಜಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಹೋಗುವವರೆಗೂ ಕೈ ಬಿಡಲಿಲ್ಲ.

ಗಾಡಿ ಬೀದಿಯ ತಿರುವು ದಾಟಿದ ಮೇಲೆ ಅಕ್ಕ ನನ್ನತ್ತ ತಿರುಗಿದಳು. "ಯಾಕೋ ಹಾಗಂದೆ?"

"ರೋಗ ಅಂದ್ರೆ ಓಡ್ತಾರೆ, ವ್ರತ ಅಂದ್ರೆ ಕೈ ಮುಗೀತಾರೆ. ಗೋಧಿ ಅದೇ, ಹೊಟ್ಟೆ ಅದೇ. ನಿನಗೇನು ನಷ್ಟ?"

ವಾರಿಜ ಬಾಗಿಲಿಗೊರಗಿ ನಿಂತಿದ್ದಳು. "ಮಾವ, ನಾನು ನಮ್ಮೂರ ಹೊಳೇನೂ ದಾಟಿಲ್ಲ."

"ಈಗ ದಾಟ್ತೀಯಲ್ಲೇ" ಎಂದೆ. ಅವಳು ನಗಲಿಲ್ಲ.

ಮದುವೆಯಲ್ಲಿ ಆ ಕೈಗೆ ಸಿಕ್ಕ ಮರ್ಯಾದೆ ನನಗೂ ಸಿಗಲಿಲ್ಲ. ಎಲೆಗೆ ಅಂಗೈ ಅಡ್ಡ ಬಂದೊಡನೆ ಬಡಿಸುವವರು ಬುಟ್ಟಿಯೊಂದಿಗೆ ಹಿಂದೆ ಸರಿದು ತಲೆ ಬಾಗಿಸುವರು. ಅವಳ ಅಡಿಗೆಗೆ ಗೋದಾವರಮ್ಮ ತಾವೇ ನಿಂತು ಹೊಸ ಪಾತ್ರೆ ತೆಗೆಸಿದ್ದರು. ವ್ರತಕ್ಕೆ ಭಂಗ ಬರಬಾರದಲ್ಲ. ಬೇರೆ ಸೌಟು ಇಡುವವರು ಸಿಕ್ಕರು ಎಂದು ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಆ ಸಂಜೆ ನೆಲಕ್ಕೆ ಒಂದು ಗೇಣು ಮೇಲೆಯೇ ನಡೆದಾಡಿದೆ.

ಹೆಣ್ಣನ್ನು ಗಂಡನ ಮನೆಗೆ ಬಿಟ್ಟು ಬರಲು ನಮ್ಮಲ್ಲಿ ತಾಯಿ ಹೋಗುವುದಿಲ್ಲ, ಸೋದರಮಾವ ಹೋಗುತ್ತಾನೆ. ಹೋದ ದಿನ ಊಟವಾದ ಮೇಲೆ ಆ ಮನೆಯವರನ್ನೆಲ್ಲ ಜಗಲಿಯಲ್ಲಿ ಸೇರಿಸಿಕೊಂಡು, ಹೊಳೆಯಲ್ಲಿ ನಾನು ಮೊಸಳೆಯೊಂದರ ಬಾಯಿಯನ್ನು ಪಂಚೆಯಿಂದ ಬಿಗಿದ ಪ್ರಸಂಗ ಹೇಳಿದೆ. ಅದರಲ್ಲಿ ಪಂಚೆಯಂತೂ ನಿಜ. ಶ್ರೀನಿಧಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಮರುದಿನ ಬೆಳಿಗ್ಗೆ ಸತ್ಯನಾರಾಯಣ ಪೂಜೆ. ನಾನು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ. ಒಳಗಿನಿಂದ ತುಪ್ಪದಲ್ಲಿ ಗೋಧಿ ರವೆ ಹುರಿಯುವ ಘಮ ಬಂತು. ಆ ಪೂಜೆಗೆ ಸಜ್ಜಿಗೆಯ ಪ್ರಸಾದ ಆಗಲೇಬೇಕು ಎಂಬುದು ಹುಟ್ಟಿದ ಮಗುವಿಗೂ ಗೊತ್ತು. ನನಗೆ ಮಾತ್ರ ಆ ಗಳಿಗೆಯವರೆಗೆ ಹೊಳೆದಿರಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಮಣ್ಣಾಯಿತು.

ಕಲಶಕ್ಕೆ ಹೂ ತರುವ ನೆಪದಲ್ಲಿ ವಾರಿಜ ಹೊರಗೆ ಬಂದಳು. "ಮಾವ, ಹೇಳಿಬಿಡೋಣ."

"ಏನೂ ಆಗಲ್ಲ. ಅಡ್ಡ ಕೈ ಹಿಡಿ, ಸಾಕು. ಕಾಶಿ ಇದೆಯಲ್ಲ."

ಭಟ್ಟರು ಕತೆ ಓದಿದರು. ಪ್ರಸಾದವನ್ನು ಅಲಕ್ಷ್ಯ ಮಾಡಿದವರ ಗತಿ ಏನಾಯಿತೆಂಬ ಭಾಗ ಬಂದಾಗ ಅವರ ದನಿ ನನ್ನೊಬ್ಬನನ್ನೇ ಹುಡುಕಿಕೊಂಡು ಬಂದಂತಿತ್ತು. ಮಂಗಳಾರತಿಯಾಯಿತು. ಗೋದಾವರಮ್ಮ ಬೆಳ್ಳಿಯ ಬಟ್ಟಲು ಹಿಡಿದು ಮೊದಲು ಮದುಮಗಳ ಬಳಿಗೇ ಬಂದರು. ಅಲ್ಲಿ ಎಲೆ ಇರಲಿಲ್ಲ. ಆದರೂ ಆ ಕೈ ಅಭ್ಯಾಸಬಲದಿಂದ ಮೇಲೆದ್ದು ಅಡ್ಡ ನಿಂತಿತು.

"ಪ್ರಸಾದಕ್ಕೆ ಹಾಗೆ ಹಿಡೀಬಾರದು, ಮಗೂ. ಅಂಗೈ ಮೇಲೆ ಮಾಡು."

"ಅಜ್ಜಿ, ಗೋಧಿ..."

"ಗೊತ್ತು ಕಣೇ. ನೀನು ಬಿಟ್ಟಿದ್ದು ಊಟದ ಗೋಧಿ. ಇದು ಊಟ ಅಲ್ಲ, ಪ್ರಸಾದ. ಭಟ್ಟರನ್ನ ಕೇಳಿಯೇ ಮಾಡಿದೀನಿ. ದೇವರಿಗೆ ಹಲಸಿನ ಹಣ್ಣು ನೈವೇದ್ಯ ಆದ ದಿನ ನಾನೂ ಒಂದು ತೊಳೆ ಕಣ್ಣಿಗೊತ್ತಿಕೊಂಡು ತಿಂತೀನಿ." ಅವರು ದನಿ ತಗ್ಗಿಸಿದರು. "ಎಷ್ಟು ವರ್ಷ ಆಯ್ತೋ ಪಾಪ, ನೀನು ಇದರ ರುಚಿ ನೋಡಿ. ನಿನಗೋಸ್ಕರ ತುಪ್ಪ ಜಾಸ್ತಿ ಹಾಕಿಸಿದೀನಿ."

ಆಕೆ ಕೊಟ್ಟದ್ದು ಒಂದು ಚಿಟಿಕೆಯಲ್ಲ, ಅಂಗೈ ತುಂಬ.

ನಾನು ಎದ್ದು ನಿಂತೆ. ನಾನು ನುರಿತವನು, ಸುಳ್ಳು ಹೇಳುವಾಗ ಒಮ್ಮೆಯೂ ನಾಲಿಗೆ ತೊಡರಿದವನಲ್ಲ. ಅಂದು ತೊಡರಿತು. "ಕೊಡಬೇಡಿ. ಅದು... ವ್ರತ ಅಲ್ಲ. ಗೋಧಿ ಅವಳ ಕರುಳಿಗೆ ಆಗೋದಿಲ್ಲ. ಕಾಯಿಲೆ. ಡಾಕ್ಟರು ಹೇಳಿದಾರೆ."

ಯಾರೋ ಕಿಸಕ್ಕೆಂದರು. ನಗು ಒಬ್ಬರಿಂದೊಬ್ಬರಿಗೆ ಹತ್ತಿಕೊಂಡು ಇಡೀ ಹಜಾರಕ್ಕೆ ಹಬ್ಬಿತು.

"ನಿನ್ನೆ ಮೊಸಳೆ, ಇವತ್ತು ಕಾಯಿಲೆ" ಎಂದ ಶ್ರೀನಿಧಿ ಕಣ್ಣೊರೆಸಿಕೊಳ್ಳುತ್ತ. "ಮಾವ, ಪೂಜೇಲಾದ್ರೂ ಸುಮ್ಮನಿರಿ."

"ಕೈ ನಡುಗಿಸೋದು ನೋಡಿ" ಎಂದರು ಭಟ್ಟರು ಮೆಚ್ಚಿಕೊಂಡು. "ನಾಟಕದೋರು ಬಂದು ಕಲೀಬೇಕು."

ನನ್ನ ಕೈ ನಿಜಕ್ಕೂ ನಡುಗುತ್ತಿತ್ತು. ದೇವರಾಣೆ ಎಂದೆ. ಅದಕ್ಕೆ ಇನ್ನಷ್ಟು ನಕ್ಕರು. ವಾರಿಜ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಏನನ್ನೋ ಲೆಕ್ಕ ಹಾಕಿ ಮುಗಿಸಿದವರ ನೋಟ ಅದು. ನಾನು ಜನರನ್ನು ದಾಟಿಕೊಂಡು ಅವಳ ಬಳಿ ಹೋಗುವಷ್ಟರಲ್ಲಿ ಅವಳು ಕಣ್ಣು ಮುಚ್ಚಿ ಎಲ್ಲವನ್ನೂ ತಿಂದು, ಬರಿದಾದ ಅಂಗೈಯನ್ನು ತಲೆಗೆ ಸವರಿಕೊಂಡಿದ್ದಳು.

ಮಧ್ಯಾಹ್ನದ ಎಲೆ ಹಾಕುವ ಹೊತ್ತಿಗೆ ಅವಳು ಹಿತ್ತಲ ಕಲ್ಲಿನ ಮೇಲೆ ಎರಡಾಗಿ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ನಿಲ್ಲಲಿಲ್ಲ. ಮೊದಲು ದೃಷ್ಟಿ ಎಂದರು. ಪೊರಕೆ ಕಡ್ಡಿ ನಿವಾಳಿಸಿ ಸುಟ್ಟರು. ಅವಳು ಹೊಟ್ಟೆ ಹಿಡಿದು ನೆಲಕ್ಕುರುಳಿದಾಗ ಶ್ರೀನಿಧಿ ಬರಿಗಾಲಲ್ಲಿ ಡಾಕ್ಟರ ಮನೆಗೆ ಓಡಿದ. ಊರಿನ ಆ ಡಾಕ್ಟರು ಬಂದು ವಾರಿಜಳಿಂದಲೇ ಎಲ್ಲ ಕೇಳಿ ತಿಳಿದು, ಹಿಂದೆ ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದನ್ನೇ ಹೇಳಿದರು. ಆಗ ಯಾರೂ ನಗಲಿಲ್ಲ.

ನಾನು ಅವಳ ಚಾಪೆಯ ಪಕ್ಕ ಕುಳಿತಿದ್ದೆ. ಇಂದ್ರಚಂದ್ರರನ್ನು ಮಾತಿನಲ್ಲಿ ಕೆಳಗಿಳಿಸುವ ನನಗೆ ಆ ಮಗುವಿನ ಹೊಟ್ಟೆಯೊಳಗಿನ ಒಂದು ಹಿಡಿ ರವೆಯನ್ನು ಹೊರಗೆ ತರಲಾಗಲಿಲ್ಲ. "ಯಾಕೆ ತಿಂದೆಯೇ?" ಎಂದೆ. "ನನ್ನನ್ನ ನಂಬದಿದ್ರೆ ಹೋಗಲಿ, ನೀನು ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ, ಪ್ರಸಾದ ತಪ್ಪಿಸಿಕೊಳ್ಳೋಕೆ ನಾನೂ ನಿಮ್ಮ ಜೊತೆ ಸೇರಿ ಕತೆ ಕಟ್ಟಿದೆ ಅಂತಿದ್ರು." ಅವಳ ತುಟಿ ಒಣಗಿ ಬಿರಿದಿತ್ತು. "ಇವತ್ತು ಪ್ರಸಾದ, ನಾಳೆ ಹಬ್ಬ. ದಿನಾ ಎಷ್ಟು ಅಂತ ಕೈ ಅಡ್ಡ ಹಿಡೀಲಿ? ಒಂದು ಸಲ ನೋಡಲಿ ಅಂತ ತಿಂದೆ, ಮಾವ."

ಬಾಗಿಲಲ್ಲಿ ಗೋದಾವರಮ್ಮ ನೀರಿನ ಚೊಂಬು ಹಿಡಿದು ನಿಂತಿದ್ದರು. "ಕಾಶಿ?" ಎಂದರು, ಅವಳನ್ನೇ ನೋಡುತ್ತ.

"ನಾನು ಕಾಶಿ ನೋಡಿಲ್ಲ, ಅಜ್ಜಿ."

ಆಕೆ ಚೊಂಬನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿದಾಗ ದನಿ ಏರಲಿಲ್ಲ. "ನನ್ನ ಕೈಯಿಂದ ದೇವರ ಪ್ರಸಾದಾನ ವಿಷ ಮಾಡಿಸಿಬಿಟ್ರಲ್ಲ, ಬೀಗರೇ. ಕಾಯಿಲೆ ಅಂತ ಅಂದಿದ್ರೆ ಆಗ್ತಿರಲಿಲ್ವೇ?"

"ಅಂದಿದ್ರೆ ನೀವು ಹೆಣ್ಣು ತರ್ತಿದ್ರಾ, ಅಮ್ಮ?"

ಗೋದಾವರಮ್ಮ ಬಗ್ಗಿ, ಚೊಂಬನ್ನು ವಾರಿಜಳ ಕೈಗೆಟುಕುವಂತೆ ಚಾಪೆಯ ಹತ್ತಿರ ಸರಿಸಿದರು. ಸುಳ್ಳಾಡಲು ಅವರಿಗೆ ಬೇಕಾದಷ್ಟು ಸಮಯವಿತ್ತು.

"ತರ್ತಿರಲಿಲ್ಲ" ಎಂದರು.

ವಾರಿಜ ಚಾಪೆ ಬಿಟ್ಟು ಏಳಲಾಗದ ದಿನಗಳಲ್ಲಿ ನಾನು ಆ ಮನೆಯಲ್ಲೇ ಉಳಿದೆ. ಹೊರಡಿ ಎಂದು ಯಾರೂ ಹೇಳಲಿಲ್ಲ. ಇರಿ ಎಂದೂ ಹೇಳಲಿಲ್ಲ. ಶ್ರೀನಿಧಿ ಅವಳಿಗೆ ಅಕ್ಕಿ ಗಂಜಿಯ ತಿಳಿಯನ್ನು ಚಮಚದಲ್ಲಿ ಕುಡಿಸುತ್ತ, ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದ. ಗೋದಾವರಮ್ಮ ನನ್ನೊಂದಿಗೂ ಅವಳೊಂದಿಗೂ ಮಾತಾಡುತ್ತಿರಲಿಲ್ಲ. ಹುಡುಗಿಯನ್ನು ಗಾಡಿ ಕಟ್ಟಿಸಿ ವಾಪಸು ಕಳಿಸುತ್ತಾರೆ, ಅಕ್ಕನ ಮುಂದೆ ಇಳಿದು ನಾನು ಏನು ಹೇಳಲಿ ಎಂದು ಯೋಚಿಸಿದೆ. ಹೇಳಲು ಒಂದು ಕತೆಯೂ ಹುಟ್ಟಲಿಲ್ಲ.

ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಕಲ್ಲು ಉರುಳಿದ ಸದ್ದಾಯಿತು. ಹೋಗಿ ನೋಡಿದೆ. ಗೋದಾವರಮ್ಮ ಆ ಮನೆಯ ಬೀಸುವ ಕಲ್ಲನ್ನು ಹೊರಗೆ ತರಿಸಿ, ಮೇಲಿನ ಬಿಲ್ಲೆಯನ್ನು ಬಿಚ್ಚಿ ಬಿಸಿಲಿಗೆ ಅಂಗಾತ ಮಲಗಿಸಿದ್ದರು. ಸೀರೆಯನ್ನು ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕುಳಿತು, ತೆಂಗಿನ ಗರಿಯ ಕಡ್ಡಿಯಿಂದ ಕಲ್ಲಿನ ಕಚ್ಚುಗಳನ್ನು ಒಂದೊಂದಾಗಿ ಕೆರೆಯುತ್ತಿದ್ದರು. ತಲೆಮಾರುಗಳ ಗೋಧಿ ಹಿಟ್ಟು ಅಲ್ಲಿ ಗಟ್ಟಿಯಾಗಿ ಕೂತಿತ್ತು. ಪಕ್ಕದ ಮೊರದಲ್ಲಿ ತೊಳೆದು ಒಣಗಿಸಿದ ಅಕ್ಕಿ ಕಾಯುತ್ತಿತ್ತು.

ನಾನು ಪಂಚೆ ಎತ್ತಿ ಕಟ್ಟಿ ಎದುರಿಗೆ ಕೂರಲು ಹೋದೆ.

"ನೀವು ಮುಟ್ಟಬೇಡಿ" ಎಂದರು ತಲೆಯೆತ್ತದೆ. "ನಿಮಗೆ ಬೇಗ ಸಾಕು ಅನ್ನಿಸಿಬಿಡತ್ತೆ."

ನಾನು ನಿಂತೇ ನೋಡಿದೆ. ಅವರು ಚೊಂಬಿನಿಂದ ನೀರು ಸುರಿದರು. ಕಲ್ಲಿನಿಂದ ಇಳಿದ ನೀರು ಬೆಳ್ಳಗೆ ಹರಿದು ಬಾಳೆಯ ಬುಡ ಸೇರಿತು. ಬೆರಳನ್ನು ಕಚ್ಚಿನೊಳಗೆ ಎಳೆದು, ಬಿಸಿಲಿಗೆ ಹಿಡಿದು ನೋಡಿ, ಅವರು ಮತ್ತೊಂದು ಚೊಂಬು ಸುರಿದರು. ನೀರು ಇನ್ನೂ ಬೆಳ್ಳಗೇ ಇತ್ತು.